ಆರೋಗ್ಯ ಚಿಂತನ: ಚಿಕಿತ್ಸೆಯ ಮಂಚವೂ ರೋಗಿಯ ಚರ್ಮವೂ

ಕ್ಯಾನ್ಸರಿಗೆ ನೀಡುವ ವಿಕಿರಣ ಚಿಕಿತ್ಸೆಯನ್ನು ನಮ್ಮ ಜನರು 'ಕರೆಂಟು ಕೊಡುವುದು' ಎಂದು ಕರೆಯುವ ರೂಢಿಯಿದೆ. ಆದುದರಿಂದಲೇ ಚರ್ಮ ಕೆಂಪಾದೊಡನೆ ಕರೆಂಟು ಸುಟ್ಟಿತೆಂದು ಹೆದರಿ, ಚಿಕಿತ್ಸೆಯನ್ನು ನಡುವೆಯೇ ಬಿಟ್ಟು ಬರುವವರೂ ಉಂಟು. ವಾಸ್ತವವಾಗಿ ರೋಗಿಯ ದೇಹಕ್ಕೆ ಇಲ್ಲಿ ವಿದ್ಯುತ್ತೂ ಹರಿಯುವುದಿಲ್ಲ, ಬೆಂಕಿಯ ಶಾಖವೂ ತಗಲುವುದಿಲ್ಲ. ಚರ್ಮಕ್ಕೆ ಸೇರುವ ವಿಕಿರಣದ ಪ್ರಮಾಣವು ಏರಲು ರೋಗಿಯನ್ನು ಮಲಗಿಸುವ ಮಂಚ, ತೊಡಿಸುವ ಮುಖವಾಡ, ಬೆನ್ನಡಿಯ ಮೆತ್ತೆಗಳೂ ಕಾರಣವಾಗಬಲ್ಲವು. ಈ ಸಂಗತಿಯನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಲೀನಿಯರ್ ಆಕ್ಸಿಲರೇಟರ್ ಯಂತ್ರದ ಪ್ರಬಲ ಕ್ಷಕಿರಣಗಳು ಶರೀರವನ್ನು ಹೊಕ್ಕೊಡನೆ ಅಲ್ಲಿಯ ಪರಮಾಣುಗಳಿಂದ ಇಲೆಕ್ಟ್ರಾನುಗಳನ್ನು ಹೊರಡಿಸುತ್ತವೆ. ಇವು ಬಹುಮಟ್ಟಿಗೆ ಮುಂದಕ್ಕೆ ಸಾಗುತ್ತ, ದಾರಿಯಲ್ಲಿ ತಮ್ಮ ಶಕ್ತಿಯನ್ನು ಬಿಡುತ್ತವೆ. ಆದಕಾರಣ ವಿಕಿರಣದ ಪ್ರಮಾಣವು ಚರ್ಮದ ಮೇಲೆ ಕಡಿಮೆಯಿದ್ದು, ಒಳಗೆ ಹೋದಂತೆ ಏರುತ್ತದೆ. ಕೋಬಾಲ್ಟ್ 60 ಯಂತ್ರದಲ್ಲಿ ಸುಮಾರು 0.5 ಸೆಂಟಿಮೀಟರ್ ಆಳದಲ್ಲಿಯೂ, 6 ಎಂವಿ ಕ್ಷಕಿರಣದಲ್ಲಿ ಸುಮಾರು 1.5 ಸೆಂಟಿಮೀಟರ್ ಆಳದಲ್ಲಿಯೂ ಅದು ಗರಿಷ್ಠಕ್ಕೆ ಮುಟ್ಟುತ್ತದೆ. 6 ಎಂವಿ ಕಿರಣದಲ್ಲಿ ಚರ್ಮದ ಮೇಲ್ಮೈಗೆ ಸಿಗುವುದು ಗರಿಷ್ಠದ ಐದನೆಯ ಒಂದು ಪಾಲಿನ ಆಸುಪಾಸು ಮಾತ್ರ. ಇದು ಚರ್ಮಕ್ಕೆ ದೊರೆತ ಸಹಜ ರಕ್ಷಣೆ.

ಕಿರಣವು ಬೇರೊಂದು ವಸ್ತುವನ್ನು ದಾಟಿ ಬಂದಾಗ ಈ ರಕ್ಷಣೆ ಕುಗ್ಗುತ್ತದೆ. ಚರ್ಮದೊಳಗೆ ಆಗಬೇಕಿದ್ದ ಏರಿಕೆಯು ಆ ವಸ್ತುವಿನಲ್ಲಿಯೇ ಆಗಿಬಿಡುತ್ತದೆ. ಹಿಂದಿನ ಮಂಚಗಳಲ್ಲಿ ಟೆನಿಸ್ ಬ್ಯಾಟಿನಂತೆ ಹೆಣೆದ ಜಾಲರಿಯಿದ್ದು, ಚರ್ಮಕ್ಕೆ ಅದು ಹಿತವಾಗಿದ್ದರೂ ರೋಗಿಯ ಭಾರಕ್ಕೆ ಜಗ್ಗುತ್ತಿತ್ತು. ಮಿಲಿಮೀಟರಿನ ಲೆಕ್ಕ ಬೇಡುವ ಇಂದಿನ ಚಿಕಿತ್ಸೆಗೆ ಕಾರ್ಬನ್ ಫೈಬರಿನ ಗಟ್ಟಿ ಹಲಗೆಯೇ ಯೋಗ್ಯ. ಆದರೆ ಬೆನ್ನ ಕಡೆಯಿಂದ ಹಲಗೆಯನ್ನು ದಾಟಿ ಬರುವ ಕಿರಣದಲ್ಲಿ ಮೇಲ್ಮೈಯ ಪ್ರಮಾಣವು ಗರಿಷ್ಠದ ಅರ್ಧವನ್ನೂ ಮೀರಬಹುದು. ಕಿರಣವು ಓರೆಯಾಗಿ ಬಂದಷ್ಟೂ ದಾಟಬೇಕಾದ ಹಲಗೆಯ ದಪ್ಪ ಹೆಚ್ಚುತ್ತದೆ.

ಶ್ವಾಸಕೋಶದ ಗಡ್ಡೆಗೆ ಕೆಲವೇ ಕಂತುಗಳಲ್ಲಿ ಅಧಿಕ ವಿಕಿರಣ ಪಡೆದ 50 ರೋಗಿಗಳ ವಿವರವನ್ನು ನ್ಯೂಯಾರ್ಕಿನ ವೈದ್ಯರು 2008ರಲ್ಲಿ ಪ್ರಕಟಿಸಿದರು. ಕೆಲವರಿಗೆ ಮಾತ್ರ ಚರ್ಮದ ತೊಂದರೆ ತೀವ್ರವಾಗಿತ್ತು. ಗಡ್ಡೆಯು ಬೆನ್ನಿಗೆ ಸಮೀಪವಿರುವುದು ಮತ್ತು ಕಿರಣಗಳ ದಿಕ್ಕುಗಳು ಕಡಿಮೆಯಿರುವುದು ಇದಕ್ಕೆ ಸಂಬಂಧಿಸಿದ ಸಂಗತಿಗಳೆಂದು ಕಂಡುಬಂದಿತು. ರೋಗಿಯನ್ನು ಅಲುಗದಂತೆ ಹಿಡಿಯುವ ಸಾಧನಗಳ ಪರಿಣಾಮವನ್ನೂ ಗಣಿಸಬೇಕೆಂದು ಅವರು ಎಚ್ಚರಿಸಿದರು. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘದ 176ನೆಯ ಕಾರ್ಯತಂಡವು 2014ರ ವರದಿಯಲ್ಲಿ, ಮಂಚವನ್ನೂ ಚಿಕಿತ್ಸಾ ಯೋಜನೆಯ ಲೆಕ್ಕದಲ್ಲಿ ಸೇರಿಸಬೇಕೆಂದು ಸೂಚಿಸಿತು.

ತಲೆ, ಕುತ್ತಿಗೆಯ ಚಿಕಿತ್ಸೆಗೆ ಪ್ಲಾಸ್ಟಿಕ್ಕಿನ ಹಾಳೆಯನ್ನು ಬಿಸಿನೀರಿನಲ್ಲಿ ಮೆದುಗೊಳಿಸಿ, ಮುಖಕ್ಕೆ ಒತ್ತಿ ಜಾಲರಿಯಂಥ ಮುಖವಾಡ ಮಾಡುತ್ತಾರೆ. ಇದರಿಂದಲೂ ಚರ್ಮದ ಪ್ರಮಾಣ ಏರುತ್ತದೆ. ಹಾಳೆ ಹಿಗ್ಗಿ ತೆಳುವಾದಷ್ಟೂ ಏರಿಕೆ ಕಡಿಮೆ. ಭದ್ರತೆಗೆ ಧಕ್ಕೆಯಿಲ್ಲದಿದ್ದರೆ ತಜ್ಞರು ಕೆಲವೆಡೆ ಅದನ್ನು ಕತ್ತರಿಸಿ ತೆರೆಯುವುದುಂಟು. ರೋಗವು ಚರ್ಮದಲ್ಲಿಯೇ ಇದ್ದರೆ ಬೇಕೆಂದೇ ಬೋಲಸ್ ಎಂಬ ಮೆತ್ತೆಯನ್ನು ಹೊದಿಸಿ ಪ್ರಮಾಣವನ್ನು ಏರಿಸುವುದೂ ಉಂಟು.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಮುಖವಾಡ ಬಿಗಿಯೆನಿಸಿದರೆ ಅಥವಾ ಸಡಿಲವಾದರೆ ಸಿಬ್ಬಂದಿಗೆ ಹೇಳಬೇಕೇ ಹೊರತು ರೋಗಿಯು ತಾನಾಗಿ ಅಲುಗಬಾರದು. ಬೆನ್ನಿಗೆ ಚುಚ್ಚುತ್ತದೆಂದು ಮಡಿಸಿದ ಶಾಲು, ದುಪ್ಪಟಿಗಳನ್ನು ಕೇಳದೆ ಸೇರಿಸಬಾರದು. ಎದೆಗೆ ಚಿಕಿತ್ಸೆಯಿದ್ದಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನು ಕಿರಣದ ದಾರಿಯಿಂದ ದೂರ ಎಲ್ಲಿ ಧರಿಸಬಹುದೆಂದು ಮೊದಲ ದಿನವೇ ಕೇಳಿ ತಿಳಿಯುವುದು ಲೇಸು. ಎಣ್ಣೆ, ಅರಿಸಿನ, ವಿಭೂತಿಗಳನ್ನು ಆ ಭಾಗಕ್ಕೆ ಲೇಪಿಸುವ ಮುನ್ನ ವೈದ್ಯರ ಅಪ್ಪಣೆ ಇರಲಿ. ಬೆನ್ನಿನ ಚರ್ಮ ರೋಗಿಗೆ ತಾನೇ ಕಾಣದು. ಅದನ್ನು ಪ್ರತಿದಿನ ನೋಡುವ ಹೊಣೆ ಮನೆಯವರದು. ಕೆಂಪು, ಉರಿ, ಗುಳ್ಳೆ ಕಂಡರೆ ಅಂದೇ ತಿಳಿಸಬೇಕು.

ಅಲುಗದೆ ಮಲಗಿಸುವ ಈ ಸಾಧನಗಳಿಂದಲೇ ಕಿರಣವು ಗಡ್ಡೆಗೆ ಗುರಿಯಿಟ್ಟು ತಲುಪುವುದು ಸಾಧ್ಯ. ಚರ್ಮದ ಬೇನೆಗೆ ಉಪಚಾರವುಂಟು. ಆದರೆ ಹೆದರಿ ನಡುವೆ ಬಿಟ್ಟ ಚಿಕಿತ್ಸೆಯು ರೋಗಕ್ಕೇ ಅವಕಾಶ ಕೊಟ್ಟಂತಾಗುತ್ತದೆ. ಓದುಗ ಬಂಧುಗಳು ಇದನ್ನು ಅರಿತು, ನೆರೆಹೊರೆಯ ರೋಗಿಗಳಿಗೂ ಧೈರ್ಯ ಹೇಳುವರೆಂದು ನಾವು ನಂಬುತ್ತೇವೆ.