ಇಕಾಲಜಿ ಅಂದ್ರೆ ಬರೀ 'ಕಥಿ'ಯಾ?

ಮೊನ್ನೆ ಮುನಿರಾಬಾದಿಗೆ ಹೋಗಿದ್ದೆ. ತಂಗಿಯ ಮಗಳು ನೀಟ್‌ಗೆ ಓದ್ತಿದ್ದಾಳೆ. "ಡಿಎನ್‌ಎ ಮೊದಲು ಮಾಮಾ, ಇಕಾಲಜಿ ಬರೀ ಕಥಿ, ಕಡೀಕ ಓದಿದ್ರಾತು" ಅಂದಳು. ಸಿಟ್ಟು ಬಂತು... ಅವಳ ಮೇಲಲ್ಲ, ಹಾಗೆ ಹೇಳಿಕೊಟ್ಟವರ ಮೇಲೆ.

ಅಮೆರಿಕದ ಸ್ಯಾಟ್ ಬಯಾಲಜಿಯಲ್ಲಿ 80 ಪ್ರಶ್ನೆ ಇರ್ತಿತ್ತು. 60 ಎಲ್ಲರಿಗೂ, ಉಳಿದ 20ಕ್ಕೆ ಇಕಾಲಜಿ ಇಲ್ಲವೇ ಮಾಲಿಕ್ಯುಲರ್ ಆರಿಸಿಕೊಳ್ಳಬೇಕಿತ್ತು. 2021ರಲ್ಲಿ ಆ ಪರೀಕ್ಷೆಯೇ ನಿಂತುಹೋಯ್ತು. ನೀಟ್‌ನ 90 ಬಯಾಲಜಿ ಪ್ರಶ್ನೆಗಳಲ್ಲಿ ಅಂಥ ಆಯ್ಕೆ ಇಲ್ಲ. ಆದ್ರೂ ನಾವೇ ಆರಿಸಿಬಿಟ್ಟಿದ್ದೇವೆ! ಎನ್‌ಸಿಇಆರ್‌ಟಿ ಕೂಡ 2022ರಲ್ಲಿ ಹನ್ನೆರಡನೇ ತರಗತಿಯ ಪುಸ್ತಕದಿಂದ ಪರಿಸರ ಸಮಸ್ಯೆಗಳ ಪಾಠವನ್ನೇ ಕೈಬಿಟ್ಟಿತು.

ಅವಳ ಮನೆ ಹತ್ತಿರದ ಹೊಳೆಯಲ್ಲೇ ನೀರುನಾಯಿಗಳಿವೆ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ತುಂಗಭದ್ರೆಯನ್ನು ಅವಕ್ಕಾಗಿಯೇ ಸಂರಕ್ಷಿತ ಪ್ರದೇಶ ಮಾಡಿದರು. ಇವಳು ಒಂದನ್ನೂ ನೋಡಿಲ್ಲ. ಹಿಕ್ಕೆಯಿಂದ ಡಿಎನ್‌ಎ ತೆಗೆದು ಪ್ರಾಣಿ ಯಾವುದು ಅಂತ ಗುರುತಿಸಬಹುದು, ನಿಜ. ಆದರೆ ಆ ಹಿಕ್ಕೆ ಎಲ್ಲಿ ಸಿಗುತ್ತೆ, ಹೊಳೇಲಿ ಮೀನು ಕಮ್ಮಿಯಾದ್ರೆ ಏನಾಗುತ್ತೆ ಅಂತ ಹೇಳೋದು ಇಕಾಲಜಿ.

ನಾಳೆ ಡಾಕ್ಟರಾಗಿ ಡೆಂಗಿ ರೋಗಿ ಎದುರು ಕೂತಾಗ ವೈರಸ್ಸೂ ಗೊತ್ತಿರಬೇಕು, ಸೊಳ್ಳೆ ಹುಟ್ಟೋ ನೀರಿನ ತೊಟ್ಟಿಯೂ ಗೊತ್ತಿರಬೇಕು. ಎರಡರಲ್ಲಿ ಒಂದು ಅನ್ನೋದೇ ಮೂರ್ಖತನ. ನೀವೇನಂತೀರಿ?