ಕಾಯುವ ಹೊತ್ತಿನ ಲೆಕ್ಕ

ನಗರ ಸಂಚಾರದ ಮಾತು ಬಂದಾಗಲೆಲ್ಲ ನಮ್ಮಲ್ಲಿ ವೇಗದ ಚರ್ಚೆಯೇ ಮುಂದಾಗುತ್ತದೆ. ಮೇಲ್ಸೇತುವೆ ಕಟ್ಟಿದರೆ ಎಷ್ಟು ನಿಮಿಷ ಉಳಿದೀತು, ಸುರಂಗ ಕೊರೆದರೆ ಎಷ್ಟು ಉಳಿದೀತು ಎಂದು ಲೆಕ್ಕ ಹಾಕುತ್ತೇವೆ. ಇದೆಲ್ಲ ಸ್ವಂತ ವಾಹನವುಳ್ಳವರ ಲೆಕ್ಕ. ಬಸ್ಸನ್ನೋ ರೈಲನ್ನೋ ನಂಬಿದವನ ಪ್ರಯಾಣವು ಚಕ್ರ ಉರುಳಿದಾಗ ಮೊದಲಾಗುವುದಿಲ್ಲ. ಅವನು ನಿಲ್ದಾಣಕ್ಕೆ ಬಂದು ನಿಂತ ಗಳಿಗೆಯಲ್ಲಿಯೇ ಮೊದಲಾಗುತ್ತದೆ. ಅಲ್ಲಿ ಅವನನ್ನು ಬಾಧಿಸುವುದು ವಾಹನದ ನಿಧಾನಗತಿಗಿಂತ ಹೆಚ್ಚಾಗಿ, ಅದು ಯಾವಾಗ ಬಂದೀತೆಂಬ ಅನಿಶ್ಚಯ. ಆದಕಾರಣ ನಗರ ಸಾರಿಗೆಯ ಗುಣವನ್ನು ಅಳೆಯಬೇಕಾದ ಮೊದಲ ಅಳತೆಗೋಲು ವೇಗವಲ್ಲ, ಕಾಯುವ ಹೊತ್ತು ಎಂಬುದು ಈ ಲೇಖನದ ವಾದ. ಈ ಅಳತೆಗೋಲನ್ನು ಕೈಗೆತ್ತಿಕೊಂಡ ಏಷ್ಯದ ನಗರವೊಂದುಂಟು, ಅದು ಸಿಂಗಪುರ. ಅದರ ಅನುಭವದಿಂದ ನಮ್ಮ ಬೆಂಗಳೂರು ಕಲಿಯಬಹುದಾದುದು ಬಹಳವಿದೆ.

ಮೊದಲು ಒಂದು ಸಣ್ಣ ಗಣಿತವನ್ನು ನೋಡೋಣ. ಒಂದು ಮಾರ್ಗದಲ್ಲಿ ಗಂಟೆಗೆ 6 ಬಸ್ಸುಗಳು ಓಡುತ್ತವೆಂದು ಇಟ್ಟುಕೊಳ್ಳಿ. ಅವು ಸರಿಯಾಗಿ ಹತ್ತು ಹತ್ತು ನಿಮಿಷಕ್ಕೆ ಬಂದರೆ, ವೇಳಾಪಟ್ಟಿಯನ್ನು ನೋಡದೆ ಬಂದ ಪ್ರಯಾಣಿಕನು ಸರಾಸರಿ 5 ನಿಮಿಷ ಕಾಯುವನು. ಈಗ ಅವೇ 6 ಬಸ್ಸುಗಳು ಜೋಡಿಜೋಡಿಯಾಗಿ ಬರತೊಡಗಿದುವೆನ್ನೋಣ: 18 ನಿಮಿಷದವರೆಗೆ ಒಂದೂ ಇಲ್ಲ, ಅನಂತರ ಒಂದು ಬಸ್ಸು, ಅದರ ಬೆನ್ನಿಗೇ 2 ನಿಮಿಷದಲ್ಲಿ ಇನ್ನೊಂದು. ಈ 20 ನಿಮಿಷಗಳಲ್ಲಿ ನಿಲ್ದಾಣಕ್ಕೆ ಹತ್ತು ಮಂದಿ ಒಂದೇ ಸಮನಾಗಿ ಬಂದರೆ, ಒಂಬತ್ತು ಮಂದಿ ದೀರ್ಘವಾದ ಅಂತರದಲ್ಲಿ ಸಿಕ್ಕಿಕೊಂಡು ಸರಾಸರಿ 9 ನಿಮಿಷ ಕಾಯುವರು. ಒಬ್ಬನು ಮಾತ್ರ ಕಿರಿದಾದ ಅಂತರದಲ್ಲಿ ಬಂದು ಸುಮಾರು 1 ನಿಮಿಷ ಕಾಯುವನು. ಹತ್ತು ಮಂದಿಯ ಸರಾಸರಿ 8.2 ನಿಮಿಷವಾಯಿತು. ಬಸ್ಸುಗಳ ಸಂಖ್ಯೆಯಲ್ಲಿ ಒಂದೂ ಕಡಮೆಯಾಗಿಲ್ಲ. ಉರಿದ ಡೀಸೆಲ್ ಅಷ್ಟೇ. ಚಾಲಕರ ಸಂಬಳವೂ ಅಷ್ಟೇ. ಕಚೇರಿಯ ಕಡತದಲ್ಲಿ ‘ಹತ್ತು ನಿಮಿಷಕ್ಕೊಂದು ಬಸ್ಸು’ ಎಂದೇ ದಾಖಲೆಯಾಗಿರುತ್ತದೆ. ಆದರೆ ನಿಲ್ದಾಣದಲ್ಲಿ ನಿಂತವನಿಗೆ ನಷ್ಟವಾಗಿದೆ. ಮೇಲಾಗಿ ಅವನಿಗೆ ಮೊದಲು ದೊರೆಯುವ ಬಸ್ಸಿನಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಹಿಂದಿನದು ಬರಿದಾಗಿ ಬರುತ್ತದೆ. ‘ಬಂದರೆ ಎರಡು, ಇಲ್ಲವಾದರೆ ಒಂದೂ ಇಲ್ಲ’ ಎಂಬ ಜನರ ಗೊಣಗಾಟದಲ್ಲಿ ಅಡಗಿರುವ ಸತ್ಯ ಇದೇ.

ಬಸ್ಸುಗಳು ಹೀಗೆ ಜೊತೆಗೂಡುವುದು ಚಾಲಕರ ಸೋಮಾರಿತನದಿಂದಲ್ಲ. ಒಂದು ಬಸ್ಸು ಯಾವುದೋ ಕಾರಣದಿಂದ ಒಂದು ನಿಮಿಷ ತಡವಾಯಿತೆನ್ನಿ. ಮುಂದಿನ ನಿಲ್ದಾಣದಲ್ಲಿ ಅಷ್ಟರೊಳಗೆ ಹೆಚ್ಚು ಜನ ಸೇರಿರುತ್ತಾರೆ. ಅವರೆಲ್ಲ ಹತ್ತುವಷ್ಟರಲ್ಲಿ ಬಸ್ಸು ಇನ್ನಷ್ಟು ತಡವಾಗುತ್ತದೆ. ಅದರ ಹಿಂದಿನ ಬಸ್ಸಿಗೆ ಜನ ಕಡಮೆ. ಅದು ಬೇಗ ಬೇಗ ಹೊರಟು ಮುಂದಿನದನ್ನು ಹಿಡಿಯುತ್ತದೆ. ಚಿಕ್ಕ ವ್ಯತ್ಯಾಸವು ತನ್ನನ್ನು ತಾನೇ ಬೆಳೆಸಿಕೊಳ್ಳುವ ಈ ಸ್ವಭಾವವನ್ನು ನ್ಯೂವೆಲ್ ಮತ್ತು ಪಾಟ್ಸ್ ಎಂಬ ಇಬ್ಬರು ವಿದ್ವಾಂಸರು 1964ರಲ್ಲಿಯೇ ಗಣಿತದ ಮೂಲಕ ವಿವರಿಸಿದರು. ತುದಿಯ ಮೇಲೆ ನಿಲ್ಲಿಸಿದ ಕೋಲಿನಂತೆ, ಸಮ ಅಂತರವೆಂಬುದು ತಾನಾಗಿ ನಿಲ್ಲುವ ಸ್ಥಿತಿಯಲ್ಲ. ಅದನ್ನು ಯಾರಾದರೂ ಎಡೆಬಿಡದೆ ಹಿಡಿದು ನಿಲ್ಲಿಸಬೇಕು. ಹೊಸ ಬಸ್ಸುಗಳನ್ನು ಕೊಂಡ ಮಾತ್ರಕ್ಕೆ ಈ ರೋಗ ವಾಸಿಯಾಗದು.

ಸಿಂಗಪುರದ ಸಾರಿಗೆ ಅಧಿಕಾರಿಗಳು 2014ರಲ್ಲಿ ಇದಕ್ಕೊಂದು ಕ್ರಮವನ್ನು ಪ್ರಯೋಗಾರ್ಥವಾಗಿ ಆರಂಭಿಸಿದರು. ಬಸ್ಸುಗಳು ಗೊತ್ತುಪಡಿಸಿದ ಅಂತರದಲ್ಲಿಯೇ ಬಂದಿದ್ದರೆ ಪ್ರಯಾಣಿಕನು ಎಷ್ಟು ಕಾಯುತ್ತಿದ್ದನು, ವಾಸ್ತವವಾಗಿ ಎಷ್ಟು ಕಾದನು, ಇವೆರಡರ ವ್ಯತ್ಯಾಸವೇ ‘ಅಧಿಕ ಕಾಯುವಿಕೆ’. ಮೇಲಿನ ನಮ್ಮ ಲೆಕ್ಕದಲ್ಲಿ ಅದು 3.2 ನಿಮಿಷ. ಈ ಅಂಕಿ ಇಳಿದರೆ ಬಸ್ಸು ನಡೆಸುವ ಸಂಸ್ಥೆಗೆ ಬಹುಮಾನ, ಏರಿದರೆ ದಂಡ. 2016ರಿಂದ ಅಲ್ಲಿ ಬಸ್ ಸೇವೆಯನ್ನು ಗುತ್ತಿಗೆಯ ಪದ್ಧತಿಗೆ ತಂದಾಗ ಟಿಕೆಟ್ಟಿನ ಹಣ ಸರಕಾರಕ್ಕೆ ಸೇರಿತು. ಸಂಸ್ಥೆಗಳಿಗೆ ಬಸ್ಸು ಓಡಿಸಿದ್ದಕ್ಕಾಗಿ ಸಂಭಾವನೆ ಮಾತ್ರ. ಹೀಗಾಗಿ ಹೆಚ್ಚು ಜನರನ್ನು ತುಂಬಿಕೊಳ್ಳುವ ಆತುರಕ್ಕಿಂತ ಅಂತರವನ್ನು ಕಾಯ್ದುಕೊಳ್ಳುವ ಎಚ್ಚರವೇ ಲಾಭದ ದಾರಿಯಾಯಿತು. ಯಾವುದನ್ನು ಅಳೆಯುತ್ತೇವೆಯೋ ಅದು ಸುಧಾರಿಸುತ್ತದೆ ಎಂಬುದು ಪ್ರಯೋಗಶಾಲೆಯಲ್ಲಿ ಮಾತ್ರವಲ್ಲ, ಬೀದಿಯಲ್ಲಿಯೂ ನಿಜ.

ಇದರ ಹಿಂದೆ ದೀರ್ಘಕಾಲದ ಸಿದ್ಧತೆಯೂ ಇತ್ತೆಂಬುದನ್ನು ಮರೆಯಲಾಗದು. ಬಸ್ಸುಗಳಿಗೆ ಪ್ರತ್ಯೇಕ ಪಥಗಳನ್ನು ಅಲ್ಲಿ 1974ರಲ್ಲಿಯೇ ಗುರುತು ಮಾಡಿದರು. 1975ರಲ್ಲಿ, ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ನಗರದ ಕೇಂದ್ರಭಾಗವನ್ನು ಪ್ರವೇಶಿಸುವ ಕಾರುಗಳ ಮೇಲೆ ಶುಲ್ಕ ವಿಧಿಸಿದರು. ಬಸ್ಸುಗಳಿಗೆ ವಿನಾಯಿತಿ ಕೊಟ್ಟರು. 1998ರಲ್ಲಿ ಆ ಶುಲ್ಕವನ್ನು ವಿದ್ಯುನ್ಮಾನ ಯಂತ್ರಗಳೇ ವಸೂಲು ಮಾಡತೊಡಗಿದುವು. 1987ರ ನವೆಂಬರಿನಲ್ಲಿ 5 ನಿಲ್ದಾಣಗಳ 6 ಕಿಲೋಮೀಟರ್ ಹಳಿಯೊಡನೆ ನಗರ ರೈಲು ಪ್ರಾರಂಭವಾಯಿತು. 2010ರಿಂದ ಬಸ್ಸಿನಿಂದ ರೈಲಿಗೆ, ರೈಲಿನಿಂದ ಬಸ್ಸಿಗೆ ಬದಲಾಯಿಸಿದರೂ ಒಟ್ಟು ದೂರಕ್ಕೆ ಮಾತ್ರ ದರ ಕೊಡುವ ಪದ್ಧತಿ ಬಂದಿತು. ವಾಹನ ಬದಲಾಯಿಸಿದ ತಪ್ಪಿಗೆ ಪ್ರಯಾಣಿಕನಿಗೆ ದಂಡವಿಲ್ಲ. ಈ ವ್ಯವಸ್ಥೆ ದೋಷರಹಿತವೇನೂ ಅಲ್ಲ. 2011ರ ಡಿಸೆಂಬರಿನಲ್ಲಿಯೂ 2024ರ ಸೆಪ್ಟೆಂಬರಿನಲ್ಲಿಯೂ ಅಲ್ಲಿನ ರೈಲುಗಳು ಕೆಟ್ಟು ನಿಂತು ಅಸಂಖ್ಯ ಜನ ಪಾಡುಪಟ್ಟರು. ಆದರೆ ಅಂಥ ದಿನ ಅಲ್ಲಿ ಸುದ್ದಿಯಾಗುತ್ತದೆ. ನಿತ್ಯದ ಪಾಡಾಗಿ ಉಳಿಯುವುದಿಲ್ಲ.

ಇನ್ನು ಟ್ಯಾಕ್ಸಿಯ ವಿಚಾರ. ಟ್ಯಾಕ್ಸಿಯನ್ನು ಸಾರ್ವಜನಿಕ ಸಾರಿಗೆಯ ಶತ್ರುವೆಂದು ಎಣಿಸುವುದು ತಪ್ಪು. ನಡುರಾತ್ರಿಯಲ್ಲಿ ಕೆಲಸ ಮುಗಿಸಿದ ದಾದಿಗೆ, ಆಸ್ಪತ್ರೆಗೆ ಹೊರಟ ವೃದ್ಧನಿಗೆ, ಮೂಟೆ ಪೆಟ್ಟಿಗೆಗಳೊಡನೆ ಊರಿಂದ ಬಂದಿಳಿದ ಸಂಸಾರಕ್ಕೆ ಅದು ಬೇಕೇ ಬೇಕು. ಆದರೆ ಅದರ ಗಣಿತ ಬೇರೆ. ಅದು ರಸ್ತೆಯಲ್ಲಿ ಒಂದು ಕಾರಿನಷ್ಟೇ ಜಾಗವನ್ನು ಆಕ್ರಮಿಸುತ್ತದೆ. ಅದರಲ್ಲಿ ಕುಳಿತವರು ಒಬ್ಬರೋ ಇಬ್ಬರೋ. ಗಿರಾಕಿಯನ್ನು ಅರಸುತ್ತ ಅಲೆಯುವಾಗ ಒಬ್ಬರೂ ಇಲ್ಲ, ಆದರೂ ಜಾಗ ಅಷ್ಟೇ. ಈ ವಿಷಯದಲ್ಲಿ ಸಿಂಗಪುರವೂ ಒಂದು ಪಾಠ ಕಲಿಯಬೇಕಾಯಿತು. ಟ್ಯಾಕ್ಸಿಗಳು ಜನರಿಗೆ ಸುಲಭವಾಗಿ ದೊರೆಯಲೆಂದು, ಪ್ರತಿಯೊಂದು ಸಂಸ್ಥೆಯ ಬಹುಪಾಲು ಟ್ಯಾಕ್ಸಿಗಳು ದಿನಕ್ಕೆ ಕನಿಷ್ಠ 250 ಕಿಲೋಮೀಟರ್ ಓಡಬೇಕೆಂಬ ನಿಯಮವನ್ನು 2013ರಲ್ಲಿ ಮಾಡಿದರು. ಮೈಲಿ ತುಂಬಿಸುವುದಕ್ಕಾಗಿ ಚಾಲಕರು ಬರಿಯ ಗಾಡಿಯನ್ನೂ ಓಡಿಸಬೇಕಾಗುತ್ತದೆಂಬ ದೂರು ಎದ್ದಿತು. 2017ರಲ್ಲಿ ಆ ನಿಯಮವನ್ನು ಕೈಬಿಟ್ಟರು. ಓಡಿದ ದೂರವನ್ನು ಅಳೆದರೆ ದೂರ ಬೆಳೆಯುತ್ತದೆ, ಸೇವೆ ಬೆಳೆಯಬೇಕೆಂದಿಲ್ಲ. ಅಳತೆಗೋಲನ್ನು ಆರಿಸುವಾಗ ವಿವೇಕ ಬೇಕೆಂಬುದಕ್ಕೆ ಇದೂ ಒಂದು ನಿದರ್ಶನ.

ಕೈಯೊಳಗಿನ ದೂರವಾಣಿಯಿಂದ ಕರೆಯುವ ಟ್ಯಾಕ್ಸಿಗಳು ಬಂದ ಮೇಲೆ ಕಾಯುವ ತೊಂದರೆ ತೀರಿತೆಂದು ಹಲವರು ಭಾವಿಸಿದ್ದಾರೆ. ಹಣವುಳ್ಳವರಿಗೆ ತೀರಿದ್ದೀತು. ಆದರೆ ಇವುಗಳ ದರ ಬೇಡಿಕೆಯೊಡನೆ ಏರುತ್ತದೆ. ಮಳೆ ಸುರಿಯುವಾಗ, ಕಚೇರಿ ಬಿಡುವಾಗ, ಅಂದರೆ ಅಗತ್ಯವು ಹೆಚ್ಚಾದಾಗಲೇ, ಅವು ಬಡವನ ಕೈಗೆ ನಿಲುಕದಾಗುತ್ತವೆ. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಬಸ್ಸು ಬಾರದೆಂದು ಬೇಸತ್ತವರು ಟ್ಯಾಕ್ಸಿ ಹತ್ತುತ್ತಾರೆ, ಇಲ್ಲವೆ ಸಾಲ ಮಾಡಿ ಸ್ಕೂಟರನ್ನೋ ಕಾರನ್ನೋ ಕೊಳ್ಳುತ್ತಾರೆ. ರಸ್ತೆಯಲ್ಲಿ ಗಾಡಿಗಳು ಹೆಚ್ಚುತ್ತವೆ. ಆ ಗಾಡಿಗಳ ನಡುವೆ ಸಿಕ್ಕಿ ಬಸ್ಸು ಇನ್ನೂ ತಡವಾಗುತ್ತದೆ. ಅದನ್ನು ಕಂಡು ಮತ್ತಷ್ಟು ಜನ ಬಸ್ಸನ್ನು ಬಿಡುತ್ತಾರೆ. ಎರಡು ಬಸ್ಸುಗಳ ನಡುವೆ ನಾವು ಕಂಡ ವಿಷಚಕ್ರವೇ ಇಲ್ಲಿ ಇಡೀ ನಗರದ ಗಾತ್ರಕ್ಕೆ ಬೆಳೆದಿದೆ. ಕೊನೆಗೆ ಕಾರಿನಲ್ಲಿ ಕುಳಿತವನೂ ಬೇಗ ಮುಟ್ಟುವುದಿಲ್ಲ. ಅವನು ಕುಳಿತು ಕಾಯುತ್ತಾನೆ, ಬಡವನು ನಿಂತು ಕಾಯುತ್ತಾನೆ, ಅಷ್ಟೇ ಭೇದ.

ಸಿಂಗಪುರವು ಪುಟ್ಟ ದ್ವೀಪ, ಸಿರಿವಂತ ರಾಜ್ಯ. ಅಲ್ಲಿ ನಗರಕ್ಕೂ ದೇಶಕ್ಕೂ ಒಂದೇ ಆಡಳಿತ. ನಮಗೆ ಆ ಹೋಲಿಕೆ ಸಲ್ಲದು ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ತಿರುಳಿದೆ. ಕಾರು ಕೊಳ್ಳುವ ಹಕ್ಕನ್ನೇ ಹರಾಜು ಹಾಕುವ, 1990ರಲ್ಲಿ ಅಲ್ಲಿ ಜಾರಿಗೆ ಬಂದ ಪದ್ಧತಿಯನ್ನು ನಮ್ಮಲ್ಲಿ ಯಾವ ಸರಕಾರವೂ ಸುಲಭವಾಗಿ ತರಲಾರದು. ಆದರೆ ಕಾಯುವ ಹೊತ್ತನ್ನು ಅಳೆಯಲು ಸಿರಿವಂತಿಕೆ ಬೇಕಾಗಿಲ್ಲ. ಬಸ್ಸುಗಳು ಎಲ್ಲಿವೆಯೆಂಬುದನ್ನು ಪ್ರಯಾಣಿಕರ ದೂರವಾಣಿಯಲ್ಲಿಯೇ ತೋರಿಸುವ ವ್ಯವಸ್ಥೆಯನ್ನು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು 2023ರಲ್ಲಿ ತಂದಿತು. ಒಂದು ಬಸ್ಸಿನ ಸ್ಥಾನ ತಿಳಿದ ಮೇಲೆ ಎರಡು ಬಸ್ಸುಗಳ ಅಂತರವನ್ನು ಲೆಕ್ಕ ಹಾಕುವುದು ಪ್ರೌಢಶಾಲೆಯ ವಿದ್ಯಾರ್ಥಿಗೂ ಸಾಧ್ಯವಾದ ಕೆಲಸ.

ಹಳಿಯಿದ್ದ ಮಾತ್ರಕ್ಕೆ ಸಾರಿಗೆಯಾಗದೆಂಬುದನ್ನೂ ಬೆಂಗಳೂರು ಕಣ್ಣಾರೆ ಕಂಡಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ, 19 ಕಿಲೋಮೀಟರಿಗೂ ಮಿಕ್ಕ, 16 ನಿಲ್ದಾಣಗಳ ಮೆಟ್ರೋ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಪ್ರಾರಂಭವಾದಾಗ ಓಡಿಸಲು ಇದ್ದ ರೈಲುಗಳು ಮೂರೇ. ಆಗ ಸುಮಾರು 25 ನಿಮಿಷಕ್ಕೊಂದು ರೈಲು ಬರುತ್ತಿತ್ತು. ಹೊಸ ರೈಲುಗಳು ಸೇರಿದಂತೆ ಆ ಅಂತರ ಇಳಿಯುತ್ತ ಬಂದಿತು. ಮಾರ್ಗದ ಉದ್ದವನ್ನೂ ನಿಲ್ದಾಣಗಳ ಸಂಖ್ಯೆಯನ್ನೂ ಮಾತ್ರ ಎಣಿಸುವವನಿಗೆ ಮೊದಲ ದಿನಕ್ಕೂ ಇಂದಿಗೂ ವ್ಯತ್ಯಾಸವೇ ಕಾಣದು. ವೇದಿಕೆಯಲ್ಲಿ ನಿಂತವನಿಗೆ ಅದೇ ಸರ್ವಸ್ವ.

ಆದುದರಿಂದ ನಮ್ಮ ಸಲಹೆ ಸರಳವಾದುದು. ಬೆಂಗಳೂರಿನ ಮುಖ್ಯ ಮಾರ್ಗಗಳಲ್ಲಿ ಪ್ರಯಾಣಿಕನು ಸರಾಸರಿ ಎಷ್ಟು ನಿಮಿಷ ಕಾದನೆಂಬುದನ್ನು ಪ್ರತಿ ತಿಂಗಳೂ ಮಾರ್ಗವಾರು ಪ್ರಕಟಿಸಲಿ. ಆ ಅಂಕಿಯನ್ನು ಇಳಿಸಿದ ಡಿಪೋಗೆ ಪ್ರೋತ್ಸಾಹಧನ ದೊರೆಯಲಿ. ಏರಿದಲ್ಲಿ ಕಾರಣವನ್ನು ವಿಚಾರಿಸಲಿ. ಚಾಲಕ ನಿರ್ವಾಹಕರ ಕೈಯಲ್ಲಿಲ್ಲದ ತಪ್ಪಿಗೆ ಅವರನ್ನು ದಂಡಿಸದೆ, ಅಂತರ ಕೆಡುವ ಸ್ಥಳಗಳಲ್ಲಿ ಬಸ್ಸಿಗೆ ಪ್ರತ್ಯೇಕ ಪಥವನ್ನು ಕೊಡಲಿ. ಟ್ಯಾಕ್ಸಿ ಮತ್ತು ಆಟೋಗಳಿಗೆ ಮೆಟ್ರೋ ನಿಲ್ದಾಣಗಳ ಬಳಿ ನೆಲೆಗಳನ್ನು ಗೊತ್ತುಮಾಡಲಿ. ಆಗ ಅವು ಬಸ್ಸಿನ ದಾರಿಗೆ ಅಡ್ಡ ನಿಲ್ಲದೆ, ಬಸ್ಸು ಹೋಗದ ಕಡೆಗೆ ಜನರನ್ನು ಮುಟ್ಟಿಸುವುವು.

ಇವು ಮೇಲ್ಸೇತುವೆಗಳಂತೆ ಕಣ್ಣಿಗೆ ಕಟ್ಟುವ ಕೆಲಸಗಳಲ್ಲ. ಇವಕ್ಕೆ ಶಂಕುಸ್ಥಾಪನೆಯ ಕಲ್ಲೂ ಬೇಕಾಗಿಲ್ಲ. ಆದರೆ ದಿನಕ್ಕೆರಡು ಬಾರಿ ಮೂರು ಮೂರು ನಿಮಿಷ ಉಳಿದರೆ, ಕೆಲಸದ ದಿನಗಳನ್ನು ವರ್ಷಕ್ಕೆ 300 ಎಂದು ಹಿಡಿದರೂ ಒಬ್ಬನಿಗೆ 30 ಗಂಟೆಗಳು ಉಳಿಯುವುವು. ಲಕ್ಷಾಂತರ ಜನರ ಪಾಲಿಗೆ ಅದು ಎಷ್ಟಾದೀತೆಂಬುದನ್ನು ವಾಚಕರೇ ಗುಣಿಸಿ ನೋಡಲಿ. ಗಾರ್ಮೆಂಟ್ ಕಾರ್ಖಾನೆಯ ಕೆಲಸಗಾರ್ತಿಯ ಹೊತ್ತಿಗೂ ಕಾರಿನ ಒಡೆಯನ ಹೊತ್ತಿಗೂ ಗಡಿಯಾರದಲ್ಲಿ ಒಂದೇ ಬೆಲೆ. ನಗರದ ಯೋಜನೆಗಳಲ್ಲಿಯೂ ಅವಕ್ಕೆ ಒಂದೇ ಬೆಲೆ ದೊರೆಯಲಿ.