ಬಚ್ಚಲುಮನೆ ಒಣಗಿರಲಿ

ಕೊಯಮತ್ತೂರಿನ ಆರ್.ಎಸ್. ಪುರಂನ ಅನೇಕ ಮನೆಗಳಲ್ಲಿ ಎರಡು ಬಗೆಯ ನೀರು. ಅಡುಗೆಗೆ, ಕುಡಿಯಲು ಸಿರುವಾಣಿಯ ಸಿಹಿನೀರು. ಸ್ನಾನಕ್ಕೆ, ಬಟ್ಟೆಗೆ ಕೊಳವೆಬಾವಿಯ ಗಡಸು ನೀರು. ಕುಡಿಯುವ ನೀರನ್ನು ಸೋಸಿ, ಕಾಯಿಸಿ ಬಳಸುವ ನಮ್ಮ ಶ್ರಾವಿಕೆಯರು ಎರಡನೆಯದರ ಕಡೆ ಅಷ್ಟಾಗಿ ಗಮನ ಕೊಡುವುದಿಲ್ಲ. ಬಚ್ಚಲಿನಲ್ಲಿ ಕಾಲು ಜಾರುವುದಕ್ಕೆ ಅದೂ ಒಂದು ಕಾರಣ.

ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಕರಗದ ಜಿಡ್ಡಾಗುತ್ತವೆ. ನೆಲ ಒಣಗಿದಾಗ ಅದು ಬಿಳಿ ಕಲೆ, ನೆನೆದಾಗ ಜಾರು. ರಾಜಸ್ಥಾನದ ಮಕ್ರಾಣಾ ಕಲ್ಲು ತರಿಸಿ ಬಚ್ಚಲಿಗೂ ಹಾಸಿಸುವವರುಂಟು. ನುಣುಪಾದ ಅಮೃತಶಿಲೆ ಮಂದಿರಕ್ಕೆ ಭೂಷಣ, ಬಚ್ಚಲಿಗೆ ಸಲ್ಲದು.

ಕಲೆ ಕಂಡೊಡನೆ ಆಸಿಡ್ ಸುರಿಯುವ ರೂಢಿ ಬಿಡಬೇಕು. ಅದು ಅಮೃತಶಿಲೆಯನ್ನೂ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಆ ಸಂದಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಾಪಾಯ.

ಪಾಚಿಯನ್ನು ನಮ್ಮ ಶಾಸ್ತ್ರಗಳು ಅನಂತಕಾಯವೆನ್ನುತ್ತವೆ: ಒಂದೇ ಶರೀರದಲ್ಲಿ ಅನಂತ ಜೀವಗಳು. ಅದನ್ನು ಬೆಳೆಯಗೊಟ್ಟು ಆಮೇಲೆ ಆಸಿಡ್ಡಿನಿಂದ ಕೊಲ್ಲುವುದು ಯಾವ ಶುಚಿತ್ವ? ಕೊನೆಯವರ ಸ್ನಾನ ಮುಗಿದ ಮೇಲೆ ನೀರನ್ನು ವೈಪರ್‌ನಿಂದ ಎಳೆದು, ನೆಲ ಒರೆಸಿ, ಕಿಟಕಿ ತೆರೆದಿಟ್ಟರೆ ಪಾಚಿ ಹುಟ್ಟುವುದೇ ಕಡಿಮೆ. ಐದು ನಿಮಿಷದ ಕೆಲಸ. ವಾರಕ್ಕೊಮ್ಮೆ ಬಿಸಿನೀರು, ವಾಷಿಂಗ್ ಸೋಡಾ ಹಾಕಿ ಬ್ರಷ್‌ನಿಂದ ಉಜ್ಜಿದರೆ ಜಿಡ್ಡೂ ನಿಲ್ಲದು. ನೀರು ತುಂಬಿದ ಡ್ರಮ್ಮಿಗೆ ಮುಚ್ಚಳವಿರಲಿ, ವಾರಕ್ಕೊಮ್ಮೆ ಬರಿದು ಮಾಡಿ ಒಳಗೋಡೆ ಉಜ್ಜಿ; ಡೆಂಗೆಯ ಸೊಳ್ಳೆ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ.

ಹೆಚ್ಚಿನ ಭಯ ಹಿರಿಯರದು. ಪರ್ಯೂಷಣದಲ್ಲಿ ಅಠಾಯಿ ಮಾಡಿದ ಅಜ್ಜಿ ಬೆಳಗಿನ ಜಾವ ಪೂಜೆಗೆಂದು ಬಚ್ಚಲಿಗೆ ಹೋಗುತ್ತಾರೆ. ಉಪವಾಸದ ದೇಹ, ಮೈಮೇಲೆ ಬಿಸಿನೀರು. ಮಣೆಯಿಂದ ಎದ್ದೊಡನೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಆ ವಯಸ್ಸಿನಲ್ಲಿ ಬಿದ್ದರೆ ತೊಡೆಯ ಮೂಳೆಯ ಕುತ್ತಿಗೆಯೇ ಮುರಿಯಬಹುದು. ತಗ್ಗಿನ ಮಣೆಯ ಬದಲು ರಬ್ಬರ್ ಕಾಲಿನ ಎತ್ತರದ ಸ್ಟೂಲು ಕೊಡಿ. ಪಕ್ಕದ ಗೋಡೆಗೆ ಉಕ್ಕಿನ ಹಿಡಿಕೆಯನ್ನು ಗಟ್ಟಿಯಾಗಿ ಕೂರಿಸಿ. ಟವೆಲ್ ಕಂಬಿ ನೆಚ್ಚಬೇಡಿ, ಅದು ಮೈಭಾರಕ್ಕೆ ಕಿತ್ತು ಬರುತ್ತದೆ. ಮೂಳೆಯ ಶಸ್ತ್ರಕ್ರಿಯೆಯ ಬಿಲ್ಲಿನೆದುರು ಹಿಡಿಕೆಯ ಬೆಲೆ ಎಷ್ಟೆಂದು ವ್ಯಾಪಾರಸ್ಥರಿಗೆ ನಾನೇನು ಹೇಳಲಿ! ಒಳ ಅಗುಳಿ ಹಾಕಿದರೂ ಹೊರಗಿನಿಂದ ತೆರೆಯಬಲ್ಲ ಚಿಲಕವಿರಲಿ. ರಾತ್ರಿ ಒಂದು ಸಣ್ಣ ದೀಪ ಉರಿಯಲಿ.

ವಿದ್ಯುತ್ ಗೀಸರಿಗೆ ಅರ್ತಿಂಗ್‌ನ ಜೊತೆ 30 ಮಿಲಿಆಂಪಿಯರಿನ ಟ್ರಿಪ್ ಸ್ವಿಚ್ ಹಾಕಿಸಿ. ಗ್ಯಾಸ್ ಗೀಸರಾದರೆ ಬಚ್ಚಲಿನ ಹೊರಗೆ, ಗಾಳಿಯಾಡುವೆಡೆ ಕೂರಿಸಬೇಕು. ಅದರಿಂದ ಹೊರಡಬಹುದಾದ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.